ಕಾಲು ತರಂಗದ ಪದರ: ಒಂದೇ ನಿಯಮ, ಎರಡು ವರ್ತನೆ
(ಪದರ ಲೇಪನಗಳ ಬೆಳಕಿನ ಗುಣ ಕುರಿತು ಹತ್ತನೇ ತರಗತಿಗೆ ಎರಡು ಅವಧಿಗಳ ವಿಸ್ತರಣಾ ಪಾಠ)

ಪೀಠಿಕೆ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಮಕ್ಕಳಿಗೆ ಸೌರಫಲಕ ಹೊಸ ವಸ್ತುವಲ್ಲ. ಪಾವಗಡ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಭೂಮಿಯಲ್ಲಿ ಸೌರ ಉದ್ಯಾನ ಹರಡಿದೆ. ಅದರ ಮೊದಲ ಹಂತ 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಒಟ್ಟು ಸ್ಥಾಪಿತ ಸಾಮರ್ಥ್ಯ 2,050 ಮೆಗಾವ್ಯಾಟ್. ಆ ಕಡೆಯ ಮಕ್ಕಳು ದಿನವೂ ನೋಡುವ 'ಸೋಲಾರ್ ಪ್ಲೇಟು' ಏಕೆ ನೀಲಿಯಾಗಿ ಕಾಣುತ್ತದೆ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: "ನೀಲಿ ಬಣ್ಣ ಹೊಡೆದಿದ್ದಾರೆ."

ಅದರಲ್ಲಿ ಬಣ್ಣ ಹೊಡೆದಿಲ್ಲ. ಸಿಲಿಕಾನ್ ತಾನಾಗಿ ಬೂದು ಹೊಳಪಿನ ವಸ್ತು. ಅದರ ಮೇಲೆ ಕೂರಿಸಿದ, ತಾನು ಬಣ್ಣವಿಲ್ಲದೆ ಪಾರದರ್ಶಕವಾಗಿರುವ ಒಂದು ಪದರದ ದಪ್ಪವೇ ಆ ನೀಲಿಗೆ ಕಾರಣ. ಜಾಲಿಮರದಲ್ಲಿ ಸಿಗುವ, ಮಕ್ಕಳು ಜೀರ್ಜಿಂಬೆ ಎಂದು ಕರೆಯುವ ಹೊಳೆಯುವ ಹಸಿರು ಜೀರುಂಡೆಯ ರೆಕ್ಕೆಯೂ ಹೀಗೆಯೇ. ಅದರ ಲೋಹದಂಥ ಹೊಳಪು ಬಣ್ಣದ ಪುಡಿಯಿಂದ ಬಂದದ್ದಲ್ಲ, ಪದರಗಳಿಂದ ಬಂದದ್ದು.

ಇಲ್ಲಿಯವರೆಗೆ ಹೇಳುವುದು ಸುಲಭ. ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ಪದವಿ ತರಗತಿಯಲ್ಲಿ ನಾವೆಲ್ಲ ಎರಡು ವಾಕ್ಯ ಕಲಿತಿರುತ್ತೇವೆ. ಒಂದು: ಕಾಲು ತರಂಗದಷ್ಟು ದಪ್ಪದ ಪದರ ಪ್ರತಿಫಲನವನ್ನು ಕಡಿಮೆ ಮಾಡುತ್ತದೆ. ಇನ್ನೊಂದು: ಕಾಲು ತರಂಗದಷ್ಟು ದಪ್ಪದ ಪದರಗಳನ್ನು ಒಂದರ ಮೇಲೊಂದು ಜೋಡಿಸಿದರೆ ಉತ್ತಮ ಕನ್ನಡಿ ಸಿಗುತ್ತದೆ. ಎರಡೂ ನಿಜ. ಆದರೆ ಒಟ್ಟಿಗೆ ಓದಿದರೆ ಒಂದನ್ನೊಂದು ಅಲ್ಲಗಳೆಯುವಂತಿವೆ. ಚುರುಕಾದ ವಿದ್ಯಾರ್ಥಿಯೊಬ್ಬ "ಒಂದು ಪದರ ಬೆಳಕನ್ನು ಒಳಗೆ ಬಿಟ್ಟರೆ, ಹತ್ತು ಪದರ ಇನ್ನೂ ಹೆಚ್ಚು ಬಿಡಬೇಕಲ್ಲವೇ ಸಾರ್?" ಎಂದು ಕೇಳಿದರೆ, ಸೂತ್ರವನ್ನು ಬಾಯಿಪಾಠ ಮಾಡಿದ ಶಿಕ್ಷಕನ ಬಳಿ ಉತ್ತರವಿರುವುದಿಲ್ಲ.

ಈ ಪಾಠ ಆ ಪ್ರಶ್ನೆಗೆ ಕ್ಯಾಲ್ಕುಲಸ್ ಇಲ್ಲದೆ ಉತ್ತರಿಸುವ ಪ್ರಯತ್ನ. ಪುರವರ ಹೋಬಳಿಯ ಪ್ರೌಢಶಾಲಾ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಬೋಧನಾಭ್ಯಾಸಕ್ಕಾಗಿ ಇದನ್ನು ರೂಪಿಸಿದ್ದೇನೆ. ಬೆಳಕಿನ ಪ್ರತಿಫಲನ ಮತ್ತು ವಕ್ರೀಭವನದ ಘಟಕ ಮುಗಿದ ನಂತರ ಇದನ್ನು ತೆಗೆದುಕೊಳ್ಳಬಹುದು.

ಪೂರ್ವಜ್ಞಾನ

1. ವಕ್ರೀಭವನ ಸೂಚ್ಯಂಕ ಹೆಚ್ಚಿರುವ ಮಾಧ್ಯಮದಲ್ಲಿ ಬೆಳಕಿನ ವೇಗ ಕಡಿಮೆ.
2. ತರಂಗಕ್ಕೆ ಉಬ್ಬು, ತಗ್ಗು ಮತ್ತು ತರಂಗದೂರ ಇವೆ (ಒಂಬತ್ತನೇ ತರಗತಿಯ ಶಬ್ದದ ಪಾಠ).
3. ಗೋಚರ ಬೆಳಕಿನ ತರಂಗದೂರ ಸುಮಾರು 400ರಿಂದ 700 ನ್ಯಾನೋಮೀಟರ್; ನೇರಳೆ ಮತ್ತು ನೀಲಿಗೆ ಕಡಿಮೆ, ಕೆಂಪಿಗೆ ಹೆಚ್ಚು.

ಕಲಿಕಾ ಫಲಗಳು

ಪಾಠದ ಕೊನೆಯಲ್ಲಿ ವಿದ್ಯಾರ್ಥಿಗಳು
• ವರ್ಣದ್ರವ್ಯದ ಬಣ್ಣಕ್ಕೂ ರಚನೆಯಿಂದ ಬರುವ ಬಣ್ಣಕ್ಕೂ ಇರುವ ವ್ಯತ್ಯಾಸವನ್ನು ಒಂದು ಪರೀಕ್ಷೆಯ ಮೂಲಕ ಗುರುತಿಸುತ್ತಾರೆ;
• ಬಾಣದ ಕಾರ್ಡಿನ ನೆರವಿನಿಂದ ಒಂದು ಪದರ ಮತ್ತು ಪದರಗಳ ಸಾಲು ಎರಡರ ವರ್ತನೆಯನ್ನೂ ಲೆಕ್ಕ ಹಾಕುತ್ತಾರೆ;
• ಪ್ರತಿಫಲಿಸದ ಬೆಳಕು ನಾಶವಾಗುವುದಿಲ್ಲ, ಒಳಗೆ ಹೋಗುತ್ತದೆ ಎಂಬುದನ್ನು ಕಾರಣ ಸಹಿತ ವಿವರಿಸುತ್ತಾರೆ.

ಬೋಧನೋಪಕರಣಗಳು

ಒಂದು ಬಳೆ, ಪಾತ್ರೆ ತೊಳೆಯುವ ಸೋಪಿನ ನೀರು, ಒಂದೆರಡು ಹನಿ ಗ್ಲಿಸರಿನ್, ಕಪ್ಪು ಬಟ್ಟೆ, ದಪ್ಪ ಹಗ್ಗ ಮತ್ತು ತೆಳು ದಾರ, ಬಾಣ ಬರೆದ ಆರು ರಟ್ಟಿನ ಕಾರ್ಡುಗಳು, ಸುಣ್ಣದ ಕಡ್ಡಿ, ತಾನಾಗಿ ಉದುರಿದ ನವಿಲುಗರಿ. ಜೀರ್ಜಿಂಬೆಯನ್ನು ಹಿಡಿದು ತರಲು ಮಕ್ಕಳಿಗೆ ಹೇಳಬಾರದು. ಮರದ ಕೆಳಗೆ ಸತ್ತು ಬಿದ್ದ ಹುಳುವಿನ ರೆಕ್ಕೆ ಸಿಕ್ಕರೆ ಸಾಕು, ಸಿಗದಿದ್ದರೆ ಗರಿಯೇ ಸಾಕು.

ಮೊದಲ ಅವಧಿ

ಹಂತ 1: ತೊಡಗಿಸಿಕೊಳ್ಳುವಿಕೆ

ನವಿಲುಗರಿಯನ್ನು ಮೊದಲು ಕಿಟಕಿಗೆ ಬೆನ್ನು ಮಾಡಿ ನಿಂತು ನೋಡಲಿ. ಆಗ ಕಣ್ಣಿಗೆ ಬರುವುದು ಗರಿಯಿಂದ ಪ್ರತಿಫಲಿಸಿದ ಬೆಳಕು. ಹಸಿರು, ನೀಲಿ ಹೊಳೆಯುತ್ತವೆ. ನಂತರ ಗರಿಯನ್ನು ಕಿಟಕಿಯ ಎದುರು ಹಿಡಿದು, ಅದರ ಮೂಲಕ ಹಾದುಬರುವ ಬೆಳಕಿನಲ್ಲಿ ನೋಡಲಿ. ಹೊಳಪು ಮಾಯವಾಗಿ ಮಂಕು ಕಂದು ಉಳಿಯುತ್ತದೆ. ಹಸಿರು ಎಲೆಯನ್ನು ಹೀಗೆಯೇ ಹಿಡಿದರೆ ಎರಡೂ ಕಡೆಯಿಂದ ಹಸಿರೇ.

ಇದೇ ಆ ಪರೀಕ್ಷೆ. ಎಲೆಯ ಹಸಿರು ಪತ್ರಹರಿತ್ತಿನದು. ಉಳಿದ ಬಣ್ಣಗಳನ್ನು ಅದು ಹೀರುತ್ತದೆ, ಆದ್ದರಿಂದ ಹಾದುಬಂದ ಬೆಳಕೂ ಹಸಿರು. ಗರಿಯಲ್ಲಿ ಇರುವ ವರ್ಣದ್ರವ್ಯ ಮೆಲನಿನ್. ಅದರ ಬಣ್ಣ ಕಂದು. ಹಸಿರು ಬರುವುದು ಮೆಲನಿನ್ ಕಡ್ಡಿಗಳು ಕ್ರಮವಾಗಿ ಜೋಡಣೆಯಾಗಿರುವುದರಿಂದ. ಇದನ್ನು ರಚನಾ ವರ್ಣ ಎನ್ನುತ್ತಾರೆ. ವರ್ಣದ್ರವ್ಯ ಬಿಸಿಲಿಗೆ ಮಾಸುತ್ತದೆ, ರಚನೆ ಕೆಡದಿದ್ದರೆ ರಚನಾ ವರ್ಣ ಮಾಸುವುದಿಲ್ಲ. ಹೊಳೆಯುವ ಜೀರುಂಡೆಗಳ ರೆಕ್ಕೆ ಹೊಲಿದ 19ನೇ ಶತಮಾನದ ಭಾರತೀಯ ಕಸೂತಿ ಬಟ್ಟೆಗಳಲ್ಲಿ ರೆಕ್ಕೆಗಳು ಇಂದಿಗೂ ಹಸಿರಾಗಿಯೇ ಇವೆ.

ಹಂತ 2: ಅನ್ವೇಷಣೆ

ಬಳೆಯನ್ನು ಸೋಪಿನ ನೀರಿನಲ್ಲಿ ಅದ್ದಿ ತೆಗೆದು, ಗಾಳಿ ಬೀಸದ ಕಡೆ ನೆಟ್ಟಗೆ ಹಿಡಿಯಬೇಕು. ಹಿಂದೆ ಕಪ್ಪು ಬಟ್ಟೆ ಇರಲಿ. ಕಿಟಕಿಯ ಬೆಳಕು ಪೊರೆಯಲ್ಲಿ ಪ್ರತಿಫಲಿಸಿ ಕಣ್ಣಿಗೆ ಬರಲಿ. ನೀರು ಕೆಳಗೆ ಇಳಿದಂತೆ ಪೊರೆ ಮೇಲ್ಭಾಗದಲ್ಲಿ ತೆಳುವಾಗುತ್ತದೆ, ಬಣ್ಣದ ಪಟ್ಟೆಗಳು ಅಡ್ಡಡ್ಡವಾಗಿ ಮೂಡುತ್ತವೆ. ಒಡೆಯುವ ಮೊದಲು ತುತ್ತತುದಿಯಲ್ಲಿ ಒಂದು ಭಾಗ ಕಪ್ಪಾಗುತ್ತದೆ.

ಇಲ್ಲಿ ನಿಂತು ಪ್ರಶ್ನೆ ಕೇಳಬೇಕು: ಅಲ್ಲಿ ಪೊರೆ ಇದೆಯೇ, ಇಲ್ಲವೇ? "ತೂತು ಬಿದ್ದಿದೆ" ಎಂಬ ಉತ್ತರ ನಿರೀಕ್ಷಿತ. ತೂತು ಬಿದ್ದರೆ ಸೋಪಿನ ಪೊರೆ ನಿಲ್ಲುತ್ತದೆಯೇ ಎಂದು ಮರುಪ್ರಶ್ನೆ ಹಾಕಿದರೆ ಮಕ್ಕಳೇ ಉತ್ತರ ತಿದ್ದಿಕೊಳ್ಳುತ್ತಾರೆ. ಪೊರೆ ಇದೆ, ಅದರ ಮುಂದಿನ ಮುಖ, ಹಿಂದಿನ ಮುಖ ಎರಡೂ ಬೆಳಕನ್ನು ಪ್ರತಿಫಲಿಸುತ್ತಿವೆ. ಆದರೂ ಬೆಳಕು ಹಿಂದಕ್ಕೆ ಬರುತ್ತಿಲ್ಲ. ಅಂದರೆ ಎರಡು ಪ್ರತಿಫಲನಗಳು ಒಂದನ್ನೊಂದು ಅಳಿಸಿವೆ.

ಈ ವೀಕ್ಷಣೆ ಪಾಠದ ಬುನಾದಿ. ಅಲ್ಲಿ ಪೊರೆಯ ದಪ್ಪ ಬೆಳಕಿನ ತರಂಗದೂರಕ್ಕಿಂತ ಬಹಳ ಕಡಿಮೆ. ಎರಡು ಕಿರಣಗಳು ನಡೆದ ದೂರದಲ್ಲಿ ವ್ಯತ್ಯಾಸವೇ ಇಲ್ಲ ಎನ್ನಬಹುದು. ಆದರೂ ಅಳಿಸಿಹೋಗಬೇಕಾದರೆ ಒಂದು ಪ್ರತಿಫಲನದಲ್ಲಿ ಉಬ್ಬು ತಗ್ಗಾಗಿ ಮಗುಚಿರಬೇಕು, ಇನ್ನೊಂದರಲ್ಲಿ ಮಗುಚಿರಬಾರದು.

ಹಂತ 3: ವಿವರಣೆ

ಮಗುಚುವುದನ್ನು ಹಗ್ಗದಲ್ಲಿ ತೋರಿಸಬಹುದು. ತೆಳು ದಾರದ ತುದಿಗೆ ದಪ್ಪ ಹಗ್ಗ ಕಟ್ಟಿ ಇಬ್ಬರು ಎಳೆದು ಹಿಡಿಯಲಿ. ದಾರದ ಕಡೆಯಿಂದ ಒಂದು ಉಬ್ಬು ಕಳಿಸಿದರೆ, ಗಂಟಿನಿಂದ ಹಿಂದಕ್ಕೆ ಬರುವ ಭಾಗ ಮಗುಚಿ ತಗ್ಗಾಗಿ ಬರುತ್ತದೆ. ಹಗ್ಗದ ಕಡೆಯಿಂದ ಕಳಿಸಿದರೆ ಉಬ್ಬು ಉಬ್ಬಾಗಿಯೇ ಮರಳುತ್ತದೆ. ದಪ್ಪ ಹಗ್ಗದಲ್ಲಿ ತರಂಗ ನಿಧಾನ, ಸೂಚ್ಯಂಕ ಹೆಚ್ಚಿರುವ ಮಾಧ್ಯಮದಲ್ಲಿ ಬೆಳಕು ನಿಧಾನ. ಹೋಲಿಕೆ ಸರಿಯಾಗಿ ಕೂಡುತ್ತದೆ.

ಈಗ ಕಪ್ಪುಹಲಗೆಯ ಮೇಲೆ ಮೂರು ನಿಯಮ ಬರೆಯಬೇಕು. ಪ್ರತಿ ಕಿರಣವೂ ಒಂದು ಬಾಣದ ಕಾರ್ಡ್. ಹೊರಡುವಾಗ ಬಾಣ ಮೇಲ್ಮುಖ.

ನಿಯಮ 1: ಕಡಿಮೆ ಸೂಚ್ಯಂಕದಿಂದ ಹೆಚ್ಚು ಸೂಚ್ಯಂಕದ ಕಡೆಗೆ ಹೋಗುವ ಮುಖದಲ್ಲಿ ಪ್ರತಿಫಲಿಸಿದರೆ ಬಾಣಕ್ಕೆ ಅರ್ಧ ಸುತ್ತು.
ನಿಯಮ 2: ಹೆಚ್ಚಿನಿಂದ ಕಡಿಮೆಯ ಕಡೆಗೆ ಹೋಗುವ ಮುಖದಲ್ಲಿ ಪ್ರತಿಫಲಿಸಿದರೆ ಸುತ್ತು ಇಲ್ಲ.
ನಿಯಮ 3: ಕಾಲು ತರಂಗ ದಪ್ಪದ ಪದರವನ್ನು ಒಮ್ಮೆ ದಾಟಿದರೆ ಕಾಲು ಸುತ್ತು, ಹೋಗಿ ಬಂದರೆ ಅರ್ಧ ಸುತ್ತು.

ಮರಳಿ ಬಂದ ಬಾಣಗಳು ಒಂದೇ ದಿಕ್ಕಿಗಿದ್ದರೆ ಪ್ರತಿಫಲನ ಹೆಚ್ಚುತ್ತದೆ, ಎದುರು ಬದುರಾಗಿದ್ದರೆ ಕುಗ್ಗುತ್ತದೆ. ನಿಯಮಗಳನ್ನು ಹಗ್ಗದಿಂದ ಪಡೆದೆವು. ಸೋಪಿನ ಪೊರೆಯಲ್ಲಿ ಪರೀಕ್ಷಿಸೋಣ. ಮುಂದಿನ ಮುಖ ಗಾಳಿಯಿಂದ ನೀರಿಗೆ: ಅರ್ಧ ಸುತ್ತು. ಹಿಂದಿನ ಮುಖ ನೀರಿನಿಂದ ಗಾಳಿಗೆ: ಸುತ್ತು ಇಲ್ಲ, ದೂರದಿಂದಲೂ ಸುತ್ತು ಇಲ್ಲ. ಬಾಣಗಳು ಎದುರು ಬದುರು. ಕಪ್ಪು ಬರಲೇಬೇಕು, ಬಂದಿದೆ.

ನಂತರ ಸೌರಕೋಶ. 600 ನ್ಯಾನೋಮೀಟರ್ ಸುಮಾರಿನ ಬೆಳಕಿಗೆ ಸಿಲಿಕಾನಿನ ಸೂಚ್ಯಂಕ ಸುಮಾರು 3.9. ಗಾಳಿಯಿಂದ ನೇರವಾಗಿ ಬಿದ್ದ ಬೆಳಕಿನಲ್ಲಿ ಅದು ಸುಮಾರು ಶೇ. 35ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಮೂರರಲ್ಲಿ ಒಂದು ಪಾಲು ಬೆಳಕು ವಿದ್ಯುತ್ತಾಗುವ ಮೊದಲೇ ಹೋಯಿತು. ಅದಕ್ಕಾಗಿ ಸಿಲಿಕಾನಿನ ಮೇಲೆ ಸೂಚ್ಯಂಕ ಸುಮಾರು 2 ಇರುವ ಸಿಲಿಕಾನ್ ನೈಟ್ರೈಡಿನ ಪದರ ಕೂರಿಸುತ್ತಾರೆ. 600 ನ್ಯಾನೋಮೀಟರಿನ ಬೆಳಕು ಆ ಪದರದೊಳಗೆ 300 ನ್ಯಾನೋಮೀಟರಿಗೆ ಕುಗ್ಗುತ್ತದೆ; ಅದರ ಕಾಲು ಭಾಗ 75 ನ್ಯಾನೋಮೀಟರ್. ತಲೆಗೂದಲಿನ ದಪ್ಪದ ಸುಮಾರು ಸಾವಿರದ ಒಂದು ಭಾಗ. ಪದರದೊಳಗಿನ ತರಂಗದೂರವನ್ನೇ ನಾಲ್ಕರಿಂದ ಭಾಗಿಸಬೇಕು, ಗಾಳಿಯಲ್ಲಿನದನ್ನಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಬಾಣದ ಲೆಕ್ಕ: ಮೇಲಿನ ಮುಖ 1ರಿಂದ 2ಕ್ಕೆ, ಅರ್ಧ ಸುತ್ತು. ಕೆಳಗಿನ ಮುಖ 2ರಿಂದ 3.9ಕ್ಕೆ, ಅರ್ಧ ಸುತ್ತು. ಹೋಗಿ ಬಂದದ್ದಕ್ಕೆ ಇನ್ನೊಂದು ಅರ್ಧ. ಒಟ್ಟು ಒಂದು ಸುತ್ತು. ಒಂದು ಬಾಣ ಕೆಳಮುಖ, ಇನ್ನೊಂದು ಮೇಲ್ಮುಖ. ಅಳಿಸಿಹೋದವು. ಎರಡು ಬಾಣಗಳ ಉದ್ದವೂ ಹೆಚ್ಚು ಕಡಿಮೆ ಸಮ, ಆದ್ದರಿಂದ ಆ ತರಂಗದೂರದಲ್ಲಿ ಪ್ರತಿಫಲನ ಬಹುತೇಕ ಸೊನ್ನೆಗೆ ಇಳಿಯುತ್ತದೆ. ನೀಲಿಗೆ ಈ ದಪ್ಪ ಸರಿಯಾಗಿ ಕಾಲು ತರಂಗವಲ್ಲ. ಸ್ವಲ್ಪ ನೀಲಿ ಹಿಂದಕ್ಕೆ ಬರುತ್ತದೆ. ಫಲಕದ ನೀಲಿ ಅದೇ. ಬಣ್ಣ ಹೊಡೆದದ್ದಲ್ಲ, ಒಳಗೆ ಹೋಗದೆ ಉಳಿದ ಬೆಳಕು.

ಇಲ್ಲಿ ಎರಡು ಪ್ರಶ್ನೆಗಳನ್ನು ಶಿಕ್ಷಕರೇ ಎತ್ತಬೇಕು.

ಮೊದಲನೆಯದು: "ಅಳಿಸಿಹೋದ ಬೆಳಕಿನ ಶಕ್ತಿ ಎಲ್ಲಿಗೆ ಹೋಯಿತು?" ಒಳಗೆ ಹೋಗುವ ಕಿರಣಗಳಿಗೂ ಬಾಣ ಹಿಡಿಸಿ. ನೇರವಾಗಿ ಒಳಹೋದ ಕಿರಣಕ್ಕೆ ಹೋಲಿಸಿದರೆ, ಪದರದೊಳಗೆ ಒಮ್ಮೆ ಮೇಲೆ ಕೆಳಗೆ ಓಡಾಡಿ ಒಳಹೋಗುವ ಕಿರಣಕ್ಕೆ ಕೆಳಮುಖದಲ್ಲಿ ಅರ್ಧ ಸುತ್ತು, ಮೇಲ್ಮುಖದಲ್ಲಿ ಒಳಗಿನಿಂದ ಸುತ್ತು ಇಲ್ಲ, ಓಡಾಟಕ್ಕೆ ಅರ್ಧ ಸುತ್ತು: ಒಟ್ಟು ಒಂದು ಸುತ್ತು. ಎರಡೂ ಒಂದೇ ದಿಕ್ಕು. ಹೊರಗೆ ಅಳಿಸಿದ ಲೆಕ್ಕವೇ ಒಳಗೆ ಕೂಡಿಸುತ್ತದೆ. ಶಕ್ತಿ ಎಲ್ಲಿಯೂ ಕಳೆದುಹೋಗಿಲ್ಲ.

ಎರಡನೆಯದು: "ಇನ್ನೊಂದು ಕೋಟ್ ಹೊಡೆದರೆ ಇನ್ನೂ ಒಳ್ಳೆಯದಲ್ಲವೇ?" ಗೋಡೆಗೆ ಸುಣ್ಣ ಬಳಿದ ಅನುಭವದಿಂದ ಬರುವ ಸಹಜ ಪ್ರಶ್ನೆ. ಪದರ 75ರ ಬದಲು 150 ನ್ಯಾನೋಮೀಟರ್ ಆದರೆ ಓಡಾಟಕ್ಕೆ ಪೂರ್ತಿ ಒಂದು ಸುತ್ತು. ಕೆಳಮುಖದ ಒಟ್ಟು ಒಂದೂವರೆ ಸುತ್ತು. ಎರಡು ಬಾಣಗಳೂ ಕೆಳಮುಖ. ಆ ತರಂಗದೂರದಲ್ಲಿ ಪ್ರತಿಫಲನ ಮತ್ತೆ ಶೇ. 35ಕ್ಕೆ ಮರಳುತ್ತದೆ, ಲೇಪನವೇ ಇಲ್ಲದಂತೆ. 'ಲೇಪನ' ಎಂಬ ಪದವೇ ಮಕ್ಕಳನ್ನು ಬಣ್ಣ, ಮುಲಾಮುಗಳ ಕಡೆಗೆ ಎಳೆಯುತ್ತದೆ. ಆದ್ದರಿಂದ ಮೊದಲ ಅವಧಿಯಲ್ಲಿ 'ಪದರ' ಎಂದೇ ಹೇಳಿ, 'ಲೇಪನ'ವನ್ನು ಕೊನೆಯಲ್ಲಿ ಪರಿಚಯಿಸುವುದು ಲೇಸು.

ಎರಡನೇ ಅವಧಿ

ಹಂತ 4: ವಿಸ್ತರಣೆ

ಈಗ ವಿರೋಧಾಭಾಸದಂತೆ ಕಂಡ ವಾಕ್ಯಕ್ಕೆ ಬರೋಣ. ಕಿಟಕಿಯ ಗಾಜಿನ ಸೂಚ್ಯಂಕ ಸುಮಾರು 1.5, ಅದರ ಒಂದು ಮುಖ ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಅದರ ಮೇಲೆ ಎರಡು ಬೇರೆ ಬೇರೆ ಪದಾರ್ಥಗಳ ಕಾಲು ತರಂಗದ ಒಂದೊಂದು ಪದರ ಹಾಕಿ ನೋಡಿದರೆ ಹೀಗಿದೆ.

ಮೆಗ್ನೀಸಿಯಂ ಫ್ಲೋರೈಡ್, ಸೂಚ್ಯಂಕ 1.38: ಪ್ರತಿಫಲನ ಶೇ. 4ರಿಂದ ಸುಮಾರು 1.4ಕ್ಕೆ ಇಳಿಯುತ್ತದೆ.
ಟೈಟಾನಿಯಂ ಡೈಆಕ್ಸೈಡ್, ಸೂಚ್ಯಂಕ ಸುಮಾರು 2.4: ಪ್ರತಿಫಲನ ಶೇ. 4ರಿಂದ ಸುಮಾರು 34ಕ್ಕೆ ಏರುತ್ತದೆ.

ಎರಡೂ ಕಾಲು ತರಂಗದ ಪದರಗಳೇ. ಮೊದಲನೆಯದರಲ್ಲಿ ಸೂಚ್ಯಂಕ ಮೆಟ್ಟಿಲು ಹತ್ತಿದಂತೆ ಏರುತ್ತದೆ: 1, 1.38, 1.5. ಎರಡು ಮುಖಗಳಲ್ಲೂ ಮಗುಚುವಿಕೆ ಇದೆ, ಓಡಾಟದ ಅರ್ಧ ಸುತ್ತು ಅವನ್ನು ಎದುರು ಬದುರು ಮಾಡುತ್ತದೆ. ಎರಡನೆಯದರಲ್ಲಿ ಹತ್ತಿ ಇಳಿಯುತ್ತದೆ: 1, 2.4, 1.5. ಕೆಳಮುಖದಲ್ಲಿ ಮಗುಚುವಿಕೆ ಇಲ್ಲ. ಓಡಾಟದ ಅರ್ಧ ಸುತ್ತು ಮಾತ್ರ. ಎರಡು ಬಾಣಗಳೂ ಕೆಳಮುಖ, ಕೂಡಿಕೊಂಡವು. ಆದ್ದರಿಂದ "ಕಾಲು ತರಂಗದ ಪದರ ಪ್ರತಿಫಲನ ಕಡಿಮೆ ಮಾಡುತ್ತದೆ" ಎಂಬುದು ಅರ್ಧ ವಾಕ್ಯ. ಸೂಚ್ಯಂಕದ ಮೆಟ್ಟಿಲು ಯಾವ ಕಡೆಗೆ ಎಂಬುದನ್ನು ಸೇರಿಸಿದಾಗ ಮಾತ್ರ ಅದು ಪೂರ್ತಿ.

ಚಟುವಟಿಕೆ. ಶಾಲೆಯ ಪಡಸಾಲೆಯಲ್ಲಿ ಸುಣ್ಣದ ಕಡ್ಡಿಯಿಂದ ಸಮಾನ ಅಂತರದ ಐದು ಗೆರೆ ಎಳೆಯಿರಿ. ಗೆರೆಗಳು ಮುಖಗಳು, ನಡುವಿನ ನಾಲ್ಕು ಜಾಗಗಳು ಪದರಗಳು. ಅವುಗಳಲ್ಲಿ ಹೆಚ್ಚು, ಕಡಿಮೆ, ಹೆಚ್ಚು, ಕಡಿಮೆ ಎಂದು ಬರೆಯಿರಿ. ಐದನೇ ಗೆರೆಯ ಆಚೆ ಗಾಜು. ಹೆಚ್ಚು ಎಂದರೆ ಟೈಟಾನಿಯಂ ಡೈಆಕ್ಸೈಡ್, ಕಡಿಮೆ ಎಂದರೆ ಸೂಚ್ಯಂಕ 1.46ರ ಸಿಲಿಕಾ. ಐವರು ವಿದ್ಯಾರ್ಥಿಗಳು ಮೇಲ್ಮುಖ ಬಾಣ ಹಿಡಿದು ಹೊರಟು, ತಮತಮಗೆ ಗೊತ್ತಾದ ಗೆರೆಯಿಂದ ಹಿಂದಿರುಗಲಿ. ಪದರ ದಾಟಿದಾಗಲೆಲ್ಲ ಕಾಲು ಸುತ್ತು ತಿರುಗಿಸಲಿ. ಮರಳಿದ ಮೇಲೆ ಹಲಗೆಯ ಮೇಲೆ ಬರೆಯುವುದು ಹೀಗೆ:

1ನೇ ಮುಖ: ಮಗುಚುವಿಕೆ ಅರ್ಧ, ಓಡಾಟ ಸೊನ್ನೆ, ಒಟ್ಟು ಅರ್ಧ.
2ನೇ ಮುಖ: ಮಗುಚುವಿಕೆ ಇಲ್ಲ, ಓಡಾಟ ಅರ್ಧ, ಒಟ್ಟು ಅರ್ಧ.
3ನೇ ಮುಖ: ಮಗುಚುವಿಕೆ ಅರ್ಧ, ಓಡಾಟ ಒಂದು, ಒಟ್ಟು ಒಂದೂವರೆ.
4ನೇ ಮುಖ: ಮಗುಚುವಿಕೆ ಇಲ್ಲ, ಓಡಾಟ ಒಂದೂವರೆ, ಒಟ್ಟು ಒಂದೂವರೆ.
5ನೇ ಮುಖ: ಮಗುಚುವಿಕೆ ಅರ್ಧ, ಓಡಾಟ ಎರಡು; ಒಟ್ಟು ಎರಡೂವರೆ.

ಐದು ಬಾಣಗಳೂ ಕೆಳಮುಖ. ಇನ್ನೆಷ್ಟು ಜೋಡಿ ಸೇರಿಸಿದರೂ ಇದೇ ಕತೆ. ಹೆಚ್ಚು–ಕಡಿಮೆ ಎಂಬ ಸರದಿಯೇ ಮಗುಚುವಿಕೆಯನ್ನೂ ಓಡಾಟವನ್ನೂ ಒಂದಕ್ಕೊಂದು ಹೊಂದಿಸುತ್ತದೆ. "ಹತ್ತು ಪದರ ಇನ್ನೂ ಹೆಚ್ಚು ಬಿಡಬೇಕಲ್ಲವೇ?" ಎಂದ ವಿದ್ಯಾರ್ಥಿಗೆ ಪಡಸಾಲೆಯೇ ಉತ್ತರ ಕೊಟ್ಟಿದೆ.

ಪ್ರಮಾಣ ಎಷ್ಟು? ಗಾಜಿನ ಮೇಲೆ ಈ ಎರಡು ಪದಾರ್ಥಗಳ ಜೋಡಿಗಳನ್ನು 550 ನ್ಯಾನೋಮೀಟರಿನ ಹಸಿರು ಬೆಳಕಿಗೆ ಹೊಂದಿಸಿದರೆ, ಟೈಟಾನಿಯಂ ಡೈಆಕ್ಸೈಡ್ ಪದರ ಸುಮಾರು 57, ಸಿಲಿಕಾ ಪದರ ಸುಮಾರು 94 ನ್ಯಾನೋಮೀಟರ್ ದಪ್ಪ ಇರಬೇಕು. ಹೀರಿಕೆಯನ್ನು ಬಿಟ್ಟು, ಆ ತರಂಗದೂರಕ್ಕೆ ನಾನು ಮಾಡಿದ ಲೆಕ್ಕ ಹೀಗಿದೆ:

ಬರೀ ಗಾಜು: ಶೇ. 4
1 ಜೋಡಿ: ಶೇ. 37
2 ಜೋಡಿ: ಶೇ. 69
3 ಜೋಡಿ: ಶೇ. 87
4 ಜೋಡಿ: ಶೇ. 95
5 ಜೋಡಿ: ಶೇ. 98

ಎರಡೂ ಪಾರದರ್ಶಕ ಪದಾರ್ಥಗಳು, ಒಂದು ಚೂರೂ ಲೋಹವಿಲ್ಲ. ಐದು ಜೋಡಿ ಸೇರಿದರೆ ಆ ಬಣ್ಣಕ್ಕೆ ಮನೆಯ ಕನ್ನಡಿಗಿಂತ ಉತ್ತಮ ಕನ್ನಡಿ. ಹೀಗೆ ಸೂಚ್ಯಂಕ ಒಂದೇ ಕ್ರಮದಲ್ಲಿ ಮರುಕಳಿಸುವ ರಚನೆಯೇ ಫೋಟಾನಿಕ್ ಸ್ಫಟಿಕ. ಪದರಗಳ ಸಾಲು ಅದರ ಏಕ ಆಯಾಮದ ರೂಪ. ನವಿಲುಗರಿಯ ಕಡ್ಡಿಗಳ ಜಾಲ ಎರಡು ಆಯಾಮದ್ದು. ಜೀರ್ಜಿಂಬೆಯ ರೆಕ್ಕೆಯಲ್ಲಿ ಎರಡು ಬಗೆಯ ಪದರಗಳ ಸೂಚ್ಯಂಕಗಳ ಅಂತರ ಟೈಟಾನಿಯಂ–ಸಿಲಿಕಾ ಜೋಡಿಯಷ್ಟಿಲ್ಲ. ಅಂತರ ಸಣ್ಣದಾದಷ್ಟೂ ಅದೇ ಹೊಳಪಿಗೆ ಹೆಚ್ಚು ಜೋಡಿ ಬೇಕು.

ಬೇರೆ ಬಣ್ಣ ಬಿದ್ದರೆ? ಅದೇ ಪಡಸಾಲೆಯಲ್ಲಿ ತರಂಗದೂರ ಎರಡರಷ್ಟು, ಅಂದರೆ 1,100 ನ್ಯಾನೋಮೀಟರ್ ಎಂದು ಭಾವಿಸಿ. ಒಂದು ಪದರ ದಾಟಿದರೆ ಈಗ ಅರೆಕಾಲು ಸುತ್ತು. ಹೋಗಿ ಬಂದರೆ ಕಾಲು ಸುತ್ತು. ಐದು ಬಾಣಗಳು ಕ್ರಮವಾಗಿ ಕೆಳಗೆ, ಬಲಕ್ಕೆ, ಮೇಲೆ, ಎಡಕ್ಕೆ, ಮತ್ತೆ ಕೆಳಗೆ ನಿಲ್ಲುತ್ತವೆ. ಬಾಣಗಳ ಉದ್ದ ಬೇರೆ ಬೇರೆಯಾದ್ದರಿಂದ ಪೂರ್ತಿ ಅಳಿಸುವುದಿಲ್ಲ. ಆದರೆ ಜೋಡಿಗಳು ಹೆಚ್ಚಿದಂತೆ ಪ್ರತಿಫಲನ ಕೂಡುತ್ತಾ ಹೋಗುವುದಿಲ್ಲ, ಬೆಳಕಿನ ಹೆಚ್ಚಿನ ಪಾಲು ಒಳಗೆ ದಾಟುತ್ತದೆ. ನಮ್ಮ ಜೋಡಿಗಳು ಬಲವಾಗಿ ತಡೆಯುವುದು ಸುಮಾರು 475ರಿಂದ 650 ನ್ಯಾನೋಮೀಟರ್ ನಡುವಿನ ಪಟ್ಟಿಯನ್ನು. ಇದನ್ನೇ ತಡೆಪಟ್ಟಿ ಎನ್ನುತ್ತಾರೆ. ಎರಡು ಪದಾರ್ಥಗಳ ಸೂಚ್ಯಂಕಗಳ ಅಂತರ ಹೆಚ್ಚಿದಷ್ಟೂ ಪಟ್ಟಿ ಅಗಲ.

ಓರೆಯಾಗಿ ನೋಡಿದರೆ? ಜೀರ್ಜಿಂಬೆಯ ರೆಕ್ಕೆಯನ್ನು ಓರೆ ಮಾಡಿದರೆ ಹಸಿರು ನೀಲಿಯ ಕಡೆಗೆ ಜಾರುತ್ತದೆ. "ಓರೆಯಾದರೆ ಬೆಳಕು ಪದರದಲ್ಲಿ ಹೆಚ್ಚು ದೂರ ನಡೆಯುತ್ತದೆ, ಹಾಗಾದರೆ ಕೆಂಪಿನ ಕಡೆಗೆ ಹೋಗಬೇಕಲ್ಲ?" ಎಂಬುದು ನ್ಯಾಯವಾದ ಆಕ್ಷೇಪ. ಚಿತ್ರ ಬರೆದು ತೋರಿಸಬೇಕು: ಒಳಗಿನ ಕಿರಣ ಹೊರಬರುವ ಜಾಗ ಪಕ್ಕಕ್ಕೆ ಸರಿದಿರುತ್ತದೆ, ಅಷ್ಟರಲ್ಲಿ ಮೇಲಿನ ಮುಖದಿಂದ ಪ್ರತಿಫಲಿಸಿದ ಕಿರಣವೂ ಗಾಳಿಯಲ್ಲಿ ಮುಂದೆ ನಡೆದಿರುತ್ತದೆ. ಎರಡನ್ನೂ ಕಳೆದರೆ ಉಳಿಯುವ ವ್ಯತ್ಯಾಸ, ಪದರದೊಳಗಿನ ಕೋನದ ಕೊಸೈನಿಗೆ ಅನುಗುಣವಾಗಿ ಕಡಿಮೆಯಾಗುತ್ತದೆ. ಸೂಚ್ಯಂಕ 1.5ರ ಪದರ ನೇರ ನೋಟದಲ್ಲಿ 600 ನ್ಯಾನೋಮೀಟರಿನ ಕಿತ್ತಳೆಯನ್ನು ಹೊಳೆಸಿದರೆ, ಬೆಳಕು 60 ಡಿಗ್ರಿ ಓರೆಯಾಗಿ ಬಿದ್ದಾಗ ಅದೇ ಪದರ ಸುಮಾರು 490ರ ನೀಲಿ ಹಸಿರನ್ನು ಹೊಳೆಸುತ್ತದೆ. ವರ್ಣದ್ರವ್ಯ ಹೀಗೆ ಮಾಡುವುದಿಲ್ಲ. ಸಿ.ಡಿ.ಯೂ ಬಣ್ಣ ಬದಲಿಸುತ್ತದೆ ನಿಜ. ಆದರೆ ಅಲ್ಲಿ ಕೆಲಸ ಮಾಡುವುದು ಮೇಲ್ಮೈಯ ಗೀರುಗಳ ಸಾಲು, ಒಂದರ ಮೇಲೊಂದಿರುವ ಪದರಗಳಲ್ಲ. ಎರಡನ್ನೂ ಒಂದೇ ಉದಾಹರಣೆಯಾಗಿ ಕೊಡಬಾರದು.

ಹಿನ್ನೆಲೆ: ಬೆಂಗಳೂರಿನ ನಂಟು

ಈ ವಿಷಯ ಮಕ್ಕಳಿಗೆ ದೂರದ ದೇಶದ್ದಾಗಿ ಕಾಣಬೇಕಿಲ್ಲ. 1880ರ ದಶಕದಲ್ಲಿ ಇಂಗ್ಲೆಂಡಿನ ಸ್ಟೋಕ್ಸ್ ಅವರು ಪೊಟ್ಯಾಸಿಯಂ ಕ್ಲೋರೇಟ್ ಹರಳುಗಳಲ್ಲಿ ಒಂದೇ ಶುದ್ಧ ಬಣ್ಣ ಹೊಳೆಯುವುದನ್ನು ವರ್ಣಿಸಿದರು. ಅದು ಹರಳಿನೊಳಗೆ ಮರುಕಳಿಸುವ ಪದರಗಳ ಕೆಲಸ ಎಂದು ಲಾರ್ಡ್ ರ‍್ಯಾಲೆ ವಿವರಿಸಿದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ಸರ್ ಸಿ.ವಿ. ರಾಮನ್ ಅವರು, ತಾವೇ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಹಕ್ಕಿಗರಿಗಳ ಬಣ್ಣ, ಚಿಪ್ಪುಗಳ ಹೊಳಪು ಕುರಿತು ಬರೆದರು. 1948ರಲ್ಲಿ ಸ್ಥಾಪನೆಯಾದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 1950ರ ದಶಕದಲ್ಲಿ ಅದೇ ಪೊಟ್ಯಾಸಿಯಂ ಕ್ಲೋರೇಟ್ ಹರಳುಗಳನ್ನು ಅವರು ಮತ್ತೆ ಕೈಗೆತ್ತಿಕೊಂಡರು. 1987ರಲ್ಲಿ ಎಲಿ ಯಾಬ್ಲೊನೊವಿಚ್ ಮತ್ತು ಸಜೀವ್ ಜಾನ್ ಅವರು ಬೇರೆ ಬೇರೆಯಾಗಿ ಪ್ರಕಟಿಸಿದ ಲೇಖನಗಳಿಂದ ಇದೇ ವಿಚಾರ ಮೂರು ಆಯಾಮಕ್ಕೆ ವಿಸ್ತರಿಸಿ, ಫೋಟಾನಿಕ್ ಸ್ಫಟಿಕ ಎಂಬ ಕ್ಷೇತ್ರ ಬೆಳೆಯಿತು.

ಬಳಕೆಯೂ ನಮ್ಮ ಬಿಸಿಲಿಗೆ ಹತ್ತಿರದ್ದೇ. 2014ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಬೆಳ್ಳಿಯ ಮೇಲೆ ಹಾಫ್ನಿಯಂ ಡೈಆಕ್ಸೈಡ್ ಮತ್ತು ಸಿಲಿಕಾದ ಏಳು ಪದರಗಳನ್ನು ಕೂರಿಸಿತು. ಅದು ಬಿಸಿಲಿನ ಶೇ. 97ರಷ್ಟನ್ನು ಹಿಂದಕ್ಕೆ ಕಳಿಸಿ, ತನ್ನ ಶಾಖವನ್ನು ಅವಕೆಂಪು ಕಿರಣವಾಗಿ ಆಕಾಶಕ್ಕೆ ಹೊರಸೂಸಿತು. ನೇರ ಬಿಸಿಲಿನಲ್ಲೇ, ವಿದ್ಯುತ್ ಇಲ್ಲದೆ, ಸುತ್ತಲಿನ ಗಾಳಿಗಿಂತ ಸುಮಾರು 5 ಡಿಗ್ರಿ ಸೆಲ್ಸಿಯಸ್ ತಣ್ಣಗಾಯಿತು. ಮಾಳಿಗೆ, ತಗಡಿನ ಮನೆಗಳ ಬೇಸಿಗೆಯನ್ನು ಬಲ್ಲ ಮಕ್ಕಳಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಹಂತ 5: ಮೌಲ್ಯಮಾಪನ

1. ಗಾಜಿನ ಮೇಲೆ ಸೂಚ್ಯಂಕ 1.38ರ ಪದರ ಹಾಕಬೇಕು. 550 ನ್ಯಾನೋಮೀಟರಿನ ಬೆಳಕಿಗೆ ದಪ್ಪ ಎಷ್ಟಿರಬೇಕು? (ಸುಮಾರು 100 ನ್ಯಾನೋಮೀಟರ್)
2. ನೀರಿನ ಮೇಲೆ ಹರಡಿದ ಎಣ್ಣೆಯ ಸೂಚ್ಯಂಕ ನೀರಿಗಿಂತ ಹೆಚ್ಚು ಎಂದುಕೊಳ್ಳಿ. ಎಣ್ಣೆ ಬಹಳ ತೆಳುವಾದ ಕಡೆ ಪ್ರತಿಫಲನ ಹೆಚ್ಚುವುದೋ, ಕುಗ್ಗುವುದೋ? (ಗಾಳಿ–ಎಣ್ಣೆ ಮುಖದಲ್ಲಿ ಅರ್ಧ ಸುತ್ತು, ಎಣ್ಣೆ–ನೀರು ಮುಖದಲ್ಲಿ ಇಲ್ಲ; ಕುಗ್ಗುತ್ತದೆ)
3. ಪಡಸಾಲೆಯ ಚಟುವಟಿಕೆಯಲ್ಲಿ ಹೆಚ್ಚು, ಕಡಿಮೆ ಎಂಬ ಬರಹಗಳನ್ನು ಅದಲು ಬದಲು ಮಾಡಿದರೆ ಎಲ್ಲ ಬಾಣಗಳೂ ಒಂದೇ ದಿಕ್ಕಿಗೆ ನಿಲ್ಲುತ್ತವೆಯೇ? (ಇಲ್ಲ. ಮೊದಲ ಮುಖದ ಬಾಣ ಕೆಳಮುಖ, ಉಳಿದವು ಮೇಲ್ಮುಖ. ಹೊರಗಿನ ಪದರ ಯಾವುದು ಎಂಬುದೂ ಮುಖ್ಯ)
4. 2,050 ಮೆಗಾವ್ಯಾಟ್ ಉದ್ಯಾನದಲ್ಲಿ ಫಲಕಗಳಿಗೆ ಇಳಿಯುವ ಬೆಳಕು ಶೇ. 1ರಷ್ಟು ಕಡಿಮೆಯಾದರೆ, ಉತ್ಪಾದನೆ ಬೆಳಕಿಗೆ ಅನುಪಾತದಲ್ಲಿದೆ ಎಂದಿಟ್ಟುಕೊಂಡು, ನಷ್ಟ ಎಷ್ಟು? (ಪೂರ್ಣ ಸಾಮರ್ಥ್ಯದಲ್ಲಿ ಸುಮಾರು 20 ಮೆಗಾವ್ಯಾಟ್)

ಮೂರನೇ ಪ್ರಶ್ನೆಯನ್ನು ಬಿಡಬಾರದು. ನಿಯಮ ಅರ್ಥವಾಗಿದೆಯೋ, ಚಟುವಟಿಕೆಯ ಫಲಿತಾಂಶ ಮಾತ್ರ ನೆನಪಿದೆಯೋ ಎಂಬುದನ್ನು ಅದು ಬೇರ್ಪಡಿಸುತ್ತದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಬಾಣದ ಲೆಕ್ಕಕ್ಕೆ ಮಿತಿ ಇದೆ. ಅದು ದಿಕ್ಕನ್ನು ಹೇಳುತ್ತದೆ, ಪ್ರಮಾಣವನ್ನಲ್ಲ. ಪದರಗಳ ನಡುವೆ ಮತ್ತೆ ಮತ್ತೆ ನಡೆಯುವ ಪ್ರತಿಫಲನಗಳನ್ನು ಹೆಚ್ಚಾಗಿ ಬಿಟ್ಟುಬಿಡುತ್ತದೆ. ಶೇಕಡಾವಾರು ಅಂಕಿಗಳನ್ನು ಶಿಕ್ಷಕರು ಕೊಡಬೇಕೇ ಹೊರತು ಬಾಣಗಳಿಂದ ತೆಗೆಯಲು ಹೋಗಬಾರದು. ಸೌರಕೋಶದ ಲೆಕ್ಕವನ್ನೂ ಗಾಳಿಯಿಂದ ನೇರವಾಗಿ ಬೆಳಕು ಬೀಳುವ ಸರಳ ಸಂದರ್ಭಕ್ಕೆ ಮಾಡಿದ್ದೇನೆ. ನಿಜವಾದ ಫಲಕದಲ್ಲಿ ಮೇಲೆ ಗಾಜೂ ಇರುತ್ತದೆ.

'ಸಾಂದ್ರತೆ' ಎಂಬ ಪದವನ್ನು ಎಚ್ಚರದಿಂದ ಬಳಸಬೇಕು. ದೃಕ್ ಸಾಂದ್ರತೆಯನ್ನು ಮಕ್ಕಳು ತೂಕದ ಸಾಂದ್ರತೆ ಎಂದು ತಿಳಿಯುತ್ತಾರೆ. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಆದರೂ ಅದರ ಸೂಚ್ಯಂಕ ಹೆಚ್ಚಿರಬಹುದು ಎಂಬುದೊಂದೇ ಉದಾಹರಣೆ ಈ ಗೊಂದಲ ಬಿಡಿಸಲು ಸಾಕು.

ಸಮಯದ ಅಭಾವವಿದ್ದರೆ ಇತಿಹಾಸವನ್ನು ಓದಲು ಬಿಡಬಹುದು, ಓರೆ ನೋಟದ ಭಾಗವನ್ನು ಮುಂದೂಡಬಹುದು. ಸೋಪಿನ ಪೊರೆಯ ಕಪ್ಪನ್ನೂ ಪಡಸಾಲೆಯ ಐದು ಬಾಣಗಳನ್ನೂ ಬಿಡಬಾರದು. ಮೊದಲನೆಯದು ನಿಯಮಕ್ಕೆ ಸಾಕ್ಷಿ. ಎರಡನೆಯದು ಅದೇ ನಿಯಮ ಕನ್ನಡಿಯನ್ನೂ ಕಟ್ಟಬಲ್ಲದು ಎಂಬುದಕ್ಕೆ ಸಾಕ್ಷಿ. ಇವೆರಡನ್ನೂ ಕೈಯಾರೆ ಮಾಡಿದ ವಿದ್ಯಾರ್ಥಿ ಮುಂದೆ ಪಿ.ಯು.ಸಿ.ಯಲ್ಲಿ ವ್ಯತಿಕರಣದ ಸೂತ್ರ ಬಂದಾಗ, ಅದರಲ್ಲಿ ಬರುವ ಅರ್ಧ ತರಂಗದೂರ ಎಲ್ಲಿಂದ ಬಂತು ಎಂದು ತಾನೇ ಹೇಳಬಲ್ಲ.